ಮೂಲೆ ಮಾಡಿಕೊಟ್ಟರೆ ಹಠ ಜಾಸ್ತಿಯಾಗುತ್ತಾ?

ಪ್ರಶ್ನೆ: ದಾವಣಗೆರೆ ವಿನೋಬನಗರದಲ್ಲಿ ಎರಡು ರೂಮಿನ ಬಾಡಿಗೆ ಮನೆ. ಆರು ವರ್ಷದ ಮಗನಿಗೆ ಆಟಿಸಂ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಥೆರಪಿಸ್ಟ್ ಮನೆಯಲ್ಲೊಂದು ಶಾಂತ ಜಾಗ ಮಾಡಿ ಅಂದರು. ಹಂಗೆ ಮಾಡಿದ್ರೆ ಹಠ ತಲೆಗೇರುತ್ತೆ ಅಂತಾರೆ ಅತ್ತೆ. ಏನು ಮಾಡಲಿ?

ಉತ್ತರ: ಜಾಗದ ವಿಷಯ ಸುಲಭ. ಬೇರೆ ರೂಮು ಬೇಡ, ಅಡುಗೆಮನೆಯಿಂದ ದೂರ ಬೀರುವಿನ ಪಕ್ಕದ ಸಂದಿ ಸಾಕು. ಅಡ್ಡಕ್ಕೆ ನಿಮ್ಮ ಹಳೇ ಕಾಟನ್ ಸೀರೆ, ಕೆಳಗೆ ಕೌದಿ, ಒರಗಲು ದಿಂಬು. ಹಳೇ ಚೋಕಿನ ಟ್ಯೂಬ್‌ಲೈಟಿದ್ದರೆ ಆರಿಸಿ. ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮಗೆ ಕಾಣದಿದ್ದರೂ ಕೆಲವರನ್ನು ಕಾಡುತ್ತದೆ. ಗೋಡೆ ತುಂಬ ಎಬಿಸಿಡಿ ಚಾರ್ಟು ದಯವಿಟ್ಟು ಬೇಡ.

ಇನ್ನು ಅತ್ತೆಯವರ ಮಾತು. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಹಠಕ್ಕೆ ನೋಡುವವರು ಬೇಕು. ದುಗ್ಗಮ್ಮನ ಜಾತ್ರೆಯಲ್ಲಿ ಪೀಪಿಗಾಗಿ ಹೊರಳಾಡುವ ಹುಡುಗ ನಡುನಡುವೆ ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತಾನೆ. ಪೀಪಿ ಕೈಗೆ ಬಂತೋ, ಅಳು ನಿಂತಿತು. ಸದ್ದಿಗೆ ಕಂಗೆಟ್ಟ ಮಗುವಿಗೆ ಹತ್ತು ಪೀಪಿ ಕೊಡಿ, ಕಣ್ಣೆತ್ತಿಯೂ ನೋಡುವುದಿಲ್ಲ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಚಟುವಟಿಕೆ ರೂಢಿಸುವ ಚಿಕಿತ್ಸಕಿ) ಜೀನ್ ಏರ್ಸ್ ಇಂದ್ರಿಯಗಳ ಈ ಗೊಂದಲದ ಬಗ್ಗೆ 1972ರಲ್ಲೇ ಪುಸ್ತಕ ಬರೆದರು. ಸದ್ದು, ಸ್ಪರ್ಶ, ಬೆಳಕಿಗೆ ಅತಿಯಾಗಿ ಸ್ಪಂದಿಸುವುದನ್ನು ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್ಎಂ-5, ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ನಮ್ಮಲ್ಲಿ ಇನ್ನೂ "ನಾಟಕ ಆಡ್ತಾನೆ" ಅನ್ನುವುದು ತಪ್ಪಿಲ್ಲ.

ಹೀಗೇ ವಾದಿಸಿದ ಒಬ್ಬ ಅಜ್ಜಿಯನ್ನು ಕೇಳಿದ್ದೆ: "ಅರೆತಲೆನೋವು ಬಂದಾಗ ಬಾಗಿಲು ಹಾಕ್ಕೊಂಡು ಕತ್ತಲಲ್ಲಿ ಮಲಗ್ತೀರಲ್ಲಮ್ಮಾ, ಅದೂ ಹಠಾನಾ?" ಮುಂದಿನ ವಾರ ಮೊಮ್ಮಗನ ಮೂಲೆಗೆ ತಮ್ಮದೇ ಸೀರೆ ಕಟ್ಟಿದ್ದರು! ನಿಮ್ಮತ್ತೆಗೂ ಕೇಳಿ ನೋಡಿ.

ಈ ಮೂಲೆ ಕೆಡುವುದು ಒಂದೇ ದಾರಿಯಲ್ಲಿ: "ಗಲಾಟೆ ಮಾಡಿದ್ರೆ ಮೂಲೆಗೆ ಹಾಕ್ತೀನಿ" ಅಂತ ಗದರಿಸಿದರೆ ಅದು ಜೈಲಾಯಿತು. ಮಗ ನಗುನಗುತ್ತಾ ಇರುವಾಗಲೇ ಜೊತೆಗೆ ಕೂತು ರೂಢಿ ಮಾಡಿಸಿ.

ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳೇ ಕೇಳುತ್ತೀರಿ: ಮಗು ಶಾಂತವಾಗಲಿ ಅಂತ ಒಳಗೆ ಭಾರ ತುಂಬಿ ಹೊಲಿದ ತೂಕದ ಹೊದಿಕೆ ಆನ್‌ಲೈನಿನಲ್ಲಿ ತರಿಸಲೋ, ಚಳ್ಳಕೆರೆ ಕಂಬಳಿ ಸಾಕೋ? ಕಂಬಳಿಗೆ ತೂಕವೇನೋ ಇದೆ, ಆದರೆ ಚುಚ್ಚುತ್ತದೆ. ಸ್ಪರ್ಶ ಸಹಿಸದ ಮಗು ಕಿತ್ತೆಸೆಯುತ್ತದೆ. ಇನ್ನು ತೂಕದ ಹೊದಿಕೆ: ಬ್ರಿಟನ್ನಿನಲ್ಲಿ ಆಟಿಸಂ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಕ್ಕಳು ಅದನ್ನು ಇಷ್ಟಪಟ್ಟರು, ನಿದ್ದೆ ಮಾತ್ರ ಹೆಚ್ಚಲಿಲ್ಲ. ತರಿಸಲೇಬೇಕೆಂದಿದ್ದರೆ ಥೆರಪಿಸ್ಟನ್ನು ಕೇಳಿ ತರಿಸಿ. ಮುಖ ಮುಚ್ಚಬಾರದು, ಬೇಡವೆನಿಸಿದಾಗ ಅವನೇ ಸರಿಸುವಷ್ಟು ಹಗುರವಿರಬೇಕು.