ನಿಕ್ಲಾಸ್ ಲಿಡ್‌ಸ್ಟ್ರೋಮ್: ಪ್ಲಸ್-ಮೈನಸ್ −2 ಇದ್ದೂ ನಾರಿಸ್ ಟ್ರೋಫಿ ಬಂದದ್ದು ಹೇಗೆ?

ಐಸ್ ಹಾಕಿಯ ಈ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಬಗ್ಗೆ ಮೊದಲು ಮುಖ್ಯ ಅಂಕಿಅಂಶ. ಹುಟ್ಟಿದ್ದು 1970, ಸ್ವೀಡನ್‌ನ ಆವೆಸ್ತಾ ಬಳಿ. ವೆಸ್ಟೆರೋಸ್ ಕ್ಲಬ್‌ನಲ್ಲಿ ಆಡುತ್ತಿದ್ದಾಗ 1989ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಮೂರನೇ ಸುತ್ತಿನಲ್ಲಿ, ಒಟ್ಟಾರೆ 53ನೆಯವನಾಗಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ಆರಿಸಿಕೊಂಡಿತು. 1991ರಿಂದ 2012ರವರೆಗೆ ಉತ್ತರ ಅಮೆರಿಕದ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅದೊಂದೇ ತಂಡ. 1564 ಪಂದ್ಯ, 264 ಗೋಲು, 878 ಅಸಿಸ್ಟ್ (ಸಹ ಆಟಗಾರ ಗೋಲು ಹೊಡೆಯಲು ಕೊಟ್ಟ ಪಾಸ್). ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ 1997, 1998, 2002, 2008. ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಏಳು ಸಲ.

ಸೀಸನ್ ಎಣಿಸುವಾಗ ಒಂದು ಎಚ್ಚರಿಕೆ: 1991-92ರಿಂದ 2011-12ಕ್ಕೆ ಲೆಕ್ಕ ಹಾಕಿದರೆ 21 ಬರುತ್ತದೆ, ಆದರೆ ಸರಿಯುತ್ತರ 20. 2004-05ರ ಸೀಸನ್ ಲಾಕೌಟ್‌ನಿಂದ ಪೂರ್ತಿ ರದ್ದಾಗಿತ್ತು.

ಈಗ ತಲೆ ಕೆಡಿಸುವ ಭಾಗ. 2010-11ರಲ್ಲಿ ಲಿಡ್‌ಸ್ಟ್ರೋಮ್ 16 ಗೋಲು, 46 ಅಸಿಸ್ಟ್ ಮಾಡಿ ಏಳನೇ ನಾರಿಸ್ ಗೆದ್ದರು. ಆ ಸೀಸನ್‌ನ ಪ್ಲಸ್-ಮೈನಸ್ ಮಾತ್ರ −2. ಇಡೀ ವೃತ್ತಿಜೀವನದ ಮೊತ್ತ +450, ಮೈನಸ್‌ಗೆ ಇಳಿದದ್ದು ಆ ಒಂದೇ ಸೀಸನ್. ಕಳಪೆ ಡಿಫೆನ್ಸ್‌ಗೆ ಬಹುಮಾನ ಕೊಟ್ಟರೇ? ಹಾಗಲ್ಲ. ಈ ಲೆಕ್ಕದ ನಿಯಮ ಎರಡೂ ಕಡೆಗೆ ಸಮನಾಗಿಲ್ಲ.

"ತಂಡ ಗೋಲು ಹೊಡೆದಾಗ ರಿಂಕ್‌ನಲ್ಲಿ (ಐಸ್ ಅಂಕಣದಲ್ಲಿ) ಇದ್ದವರಿಗೆ +1, ಗೋಲು ಬಿಟ್ಟಾಗ −1" ಎಂದು ಎಲ್ಲರೂ ಕಲಿಯುತ್ತಾರೆ. ಅರ್ಧ ಮಾತ್ರ ಸರಿ. ಡೆಟ್ರಾಯ್ಟ್‌ನ ಕಡೆಯಿಂದ ಒಂದೊಂದಾಗಿ ನೋಡಿ.

5-5 ಆಟ (ಗೋಲ್‌ಕೀಪರ್ ಬಿಟ್ಟು ಎರಡೂ ಕಡೆ ಐವರು), ಡೆಟ್ರಾಯ್ಟ್ ಗೋಲು: ಇವರ ಐವರಿಗೂ +1, ಅವರ ಐವರಿಗೂ −1. ಗೋಲಿಗಳು (ಗೋಲ್‌ಕೀಪರ್‌ಗಳು) ಲೆಕ್ಕಕ್ಕಿಲ್ಲ.

ಎದುರಾಳಿ ಒಬ್ಬ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತಿದ್ದಾನೆ, 5-4 ಪವರ್ ಪ್ಲೇ, ಡೆಟ್ರಾಯ್ಟ್ ಗೋಲು: ಯಾರಿಗೂ ಏನೂ ಇಲ್ಲ. ಸೊನ್ನೆ.

ಅದೇ ಪವರ್ ಪ್ಲೇಯಲ್ಲಿ ಆ ನಾಲ್ವರು ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕಸಿದು ಗೋಲು ಹೊಡೆದರು: ನಾಲ್ವರಿಗೂ +1, ಡೆಟ್ರಾಯ್ಟ್‌ನ ಐವರಿಗೂ −1.

ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ಪವರ್ ಪ್ಲೇಯಲ್ಲಿ ಆಡುವವನಿಗೆ ಈ ಲೆಕ್ಕದಲ್ಲಿ ಗಳಿಕೆಯೇ ಇಲ್ಲ, ಇರುವುದು ನಷ್ಟವೊಂದೇ. ಲಿಡ್‌ಸ್ಟ್ರೋಮ್ ವರ್ಷಗಟ್ಟಲೆ ಡೆಟ್ರಾಯ್ಟ್ ಪವರ್ ಪ್ಲೇಯ ಬ್ಲೂ ಲೈನ್ (ಎದುರಾಳಿ ವಲಯದ ಅಂಚಿನ ಗೆರೆ) ಮೇಲೆ ನಿಂತು ಪಕ್ ಹಂಚಿದವರು. ಅಲ್ಲಿ ಗಳಿಸಿದ ಪಾಯಿಂಟ್ (ಗೋಲು ಅಥವಾ ಅಸಿಸ್ಟ್) ಒಂದೂ ಪ್ಲಸ್ ಆಗಿ ಬರುವುದಿಲ್ಲ. ಸಾಲದ್ದಕ್ಕೆ 5-5ರಲ್ಲಿ ಎದುರಾಳಿಯ ಅತ್ಯುತ್ತಮ ಲೈನ್ (ದಾಳಿಗಾರರ ಗುಂಪು) ಎದುರಿಗೇ ಅವರನ್ನು ಇಳಿಸುತ್ತಿದ್ದರು. ಹೀಗಿದ್ದೂ +450 ಎಂದರೆ ಅದರ ತೂಕ ಎಷ್ಟೆಂದು ಆಗ ಗೊತ್ತಾಗುತ್ತದೆ.

ಎಡವುವ ಇನ್ನೊಂದು ಜಾಗ: ಕೊನೆಯ ನಿಮಿಷದಲ್ಲಿ ಸೋಲುತ್ತಿರುವ ತಂಡ ಗೋಲಿಯನ್ನು ಹೊರಗೆಳೆದು ಆರನೇ ಸ್ಕೇಟರ್ ಇಳಿಸುತ್ತದೆ. ಖಾಲಿ ಬಲೆಗೆ ಗೋಲು ಬಿದ್ದರೆ? ಅದು ಎಣಿಕೆಗೆ ಸೇರುತ್ತದೆ, ಆರು ಜನಕ್ಕೂ −1. 6-5 ಕಂಡ ಕೂಡಲೇ ಪವರ್ ಪ್ಲೇ ಅಂದುಕೊಂಡು ಸೊನ್ನೆ ಹಾಕುವುದು ಮಾಮೂಲಿ ತಪ್ಪು.

ನೆನಪಿಟ್ಟುಕೊಳ್ಳಲು ಸುಲಭದ ದಾರಿ: ರಿಂಕ್‌ನಲ್ಲಿ ತಲೆ ಎಣಿಸಬೇಡಿ, ಪೆನಾಲ್ಟಿ ಪೆಟ್ಟಿಗೆ ನೋಡಿ. ಪೆನಾಲ್ಟಿಯ ಲಾಭ ಪಡೆದ ತಂಡವೇ ಗೋಲು ಹೊಡೆದರೆ ಸೊನ್ನೆ. ಪೆನಾಲ್ಟಿ ಶಾಟ್‌ಗೂ ಸೊನ್ನೆ. ಉಳಿದದ್ದೆಲ್ಲ ಎಣಿಕೆಗೆ ಬರುತ್ತದೆ.

ಟ್ರೋಫಿ ವರ್ಷಗಳು: 2001, 2002, 2003, 2006, 2007, 2008, 2011. ಇವು ಸೀಸನ್ ಮುಗಿದ ವರ್ಷಗಳು, ಶುರುವಾದ ವರ್ಷಗಳಲ್ಲ. 2002ರಲ್ಲಿ ಪ್ಲೇಆಫ್‌ನ ಅತ್ಯಮೂಲ್ಯ ಆಟಗಾರನಿಗೆ ಸಿಗುವ ಕಾನ್ ಸ್ಮೈತ್ ಕೂಡ ಅವರದ್ದೇ. ಯುರೋಪಿನವರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಆ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಡೆಟ್ರಾಯ್ಟ್ ತವರಲ್ಲೇ ಎರಡು ಪಂದ್ಯ ಸೋತು ವ್ಯಾಂಕೂವರ್‌ಗೆ ಹೋಗಿತ್ತು. ಮೂರನೇ ಪಂದ್ಯ 1-1, ಎರಡನೇ ಪಿರಿಯಡ್ ಮುಗಿಯುವ ಹೊತ್ತು. ಲಿಡ್‌ಸ್ಟ್ರೋಮ್ ಮಧ್ಯರೇಖೆಯ ಬಳಿಯಿಂದಲೇ ಹೊಡೆದ ಪಕ್ ಗೋಲಿ ಡಾನ್ ಕ್ಲೂಟಿಯೆಯನ್ನು ದಾಟಿ ಬಲೆಯೊಳಗೆ ಹೋಯಿತು. ಅಲ್ಲಿಂದ ಸತತ ನಾಲ್ಕು ಗೆಲುವು, ಸರಣಿ 4-2.

2006ರಲ್ಲಿ ಟ್ಯೂರಿನ್ ಒಲಿಂಪಿಕ್ಸ್ ಫೈನಲ್, ಫಿನ್ಲೆಂಡ್ ಎದುರು 2-2. ಮೂರನೇ ಪಿರಿಯಡ್ ಶುರುವಾಗಿ 10 ಸೆಕೆಂಡಿಗೆ ಅವರ ಸ್ಲ್ಯಾಪ್ ಶಾಟ್, ಸ್ವೀಡನ್‌ಗೆ ಚಿನ್ನ. 1991ರ ವಿಶ್ವ ಚಾಂಪಿಯನ್‌ಶಿಪ್, ಸ್ಟ್ಯಾನ್ಲಿ ಕಪ್ ಮೊದಲೇ ಇದ್ದುದರಿಂದ, ಈ ಮೂರನ್ನೂ ಗೆದ್ದವರ ಟ್ರಿಪಲ್ ಗೋಲ್ಡ್ ಕ್ಲಬ್‌ಗೆ ಸೇರಿದರು.

ಆಟದ ಗುಟ್ಟು 'ಗ್ಯಾಪ್'. ಹಿಮ್ಮುಖವಾಗಿ ಜಾರುವ ಡಿಫೆನ್ಸ್‌ಮನ್‌ಗೂ ಪಕ್ ತರುವವನಿಗೂ ನಡುವಿನ ಅಂತರ ಅದು. ಜಾಸ್ತಿ ಬಿಟ್ಟರೆ ದಾಳಿಗಾರ ಇವನನ್ನೇ ಮರೆಯಾಗಿ ಬಳಸಿಕೊಂಡು ಹೊಡೆಯುತ್ತಾನೆ, ಗೋಲಿಗೆ ಪಕ್ ಕಾಣುವುದಿಲ್ಲ. ಕಡಿಮೆಯಾದರೆ ಪಕ್ಕದಿಂದ ದಾಟಿಬಿಡುತ್ತಾನೆ. ಸ್ಟಿಕ್‌ನ ಉದ್ದವೇ ಇಲ್ಲಿ ಅಳತೆಗೋಲು. ಸ್ಟಿಕ್ ಒಂದೇ ಕೈಯಲ್ಲಿ, ಮೊಣಕೈ ಸ್ವಲ್ಪ ಮಡಚಿ, ಬ್ಲೇಡ್ ಐಸ್ ಮೇಲೆ. ಮಡಚಿದ್ದರೆ ಕೈ ಎಷ್ಟು ದೂರ ಚಾಚುತ್ತದೆಂದು ಎದುರಿನವನಿಗೆ ತಿಳಿಯದು. ರಿಂಕ್‌ನ ಮಧ್ಯಭಾಗ ಮುಚ್ಚಿ, ಗೋಡೆಯ ಕಡೆ ದಾರಿ ಬಿಟ್ಟು, ಅವನು ಅತ್ತ ತಿರುಗಿದಾಗ ಪಕ್ ಚುಚ್ಚಿ ತೆಗೆಯಬೇಕು. ಬ್ಲೇಡ್ ಪಕ್‌ಗೆ ತಾಗದೆ ಕಾಲಿಗೆ ಸಿಕ್ಕಿದರೆ ಟ್ರಿಪ್ಪಿಂಗ್, ಎರಡು ನಿಮಿಷ ಹೊರಗೆ. ಲಿಡ್‌ಸ್ಟ್ರೋಮ್‌ಗೆ ಬಿದ್ದ ಎಲ್ಲ ಪೆನಾಲ್ಟಿ ಕೂಡಿಸಿದರೂ 514 ನಿಮಿಷ. ಪಂದ್ಯಕ್ಕೆ ಸುಮಾರು 20 ಸೆಕೆಂಡು.