ಎನ್ನಲಾಗಿದೆ, ಆದರೆ ಅಂದವರು ಯಾರು?

1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಪತ್ರವೊಂದು ಅಚ್ಚಾಯಿತು. ಬರೆದವರು ಅಮೆರಿಕದ ಹೆಸರಾಂತ ವಿಜ್ಞಾನಿ ಎಂಬುದಷ್ಟೇ ಪರಿಚಯ. ಅಮೆರಿಕದ ಸೇನೆ ಜೈವಿಕ ಅಸ್ತ್ರಗಳಿಗಾಗಿ ನಡೆಸಿದ ಪ್ರಯೋಗಗಳಿಂದ ಏಡ್ಸ್ ಹುಟ್ಟಿತು ಎಂಬುದು ಪತ್ರದ ಸಾರ. ಅದು ಹೆಚ್ಚು ಸದ್ದು ಮಾಡಲಿಲ್ಲ. 1985ರ ಅಕ್ಟೋಬರ್‌ನಲ್ಲಿ ಸೋವಿಯತ್ ವಾರಪತ್ರಿಕೆ ‘ಲಿತೆರತೂರ್ನಯಾ ಗಜೆತಾ’ ಅದೇ ಆರೋಪವನ್ನು ಎತ್ತಿಕೊಂಡಿತು. ಆಧಾರವೆಂದು ಬೊಟ್ಟು ಮಾಡಿದ್ದು ದೆಹಲಿಯ ಪತ್ರಿಕೆಯತ್ತ! ಮುಂದೆ ಒಂದು ಪತ್ರಿಕೆಗೆ ಇನ್ನೊಂದು ಸಾಕ್ಷಿಯಾಗುತ್ತ ಹೋಯಿತು. 1987ರ ಮಾರ್ಚ್‌ನಲ್ಲಿ ಅಮೆರಿಕದ್ದೇ ಸಿಬಿಎಸ್ ವಾಹಿನಿಯ ಸಂಜೆಯ ವಾರ್ತೆಯಲ್ಲಿ, ಸೋವಿಯತ್ ಸೇನಾ ಪತ್ರಿಕೆಯೊಂದು ಹೀಗೆ ಆರೋಪಿಸಿದೆ ಎಂಬ ಸುದ್ದಿ ಬಂತು.

ಆರೋಪಿಸಿದ್ದಂತೂ ನಿಜವೇ. ‘ಎನ್ನಲಾಗಿದೆ’ ಎಂಬ ಪದದ ಮರೆಯಲ್ಲಿ ನಿಂತು, ಒಂದಕ್ಷರವೂ ತಪ್ಪು ಹೇಳದೆ ಸುಳ್ಳನ್ನು ದಾಟಿಸಬಹುದು. ಓದುಗನ ನೆನಪಿನಿಂದ ಮೊದಲು ಕಳಚಿಕೊಳ್ಳುವುದು ಆ ‘ಎನ್ನಲಾಗಿದೆ’ಯೇ.

ಹಾಗಾದರೆ ಮರುದಿನ ಸ್ಪಷ್ಟನೆ ಪ್ರಕಟಿಸಿದರೆ ಸಾಲದೇ? 1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಇದನ್ನೇ ಕೆಣಕುತ್ತದೆ. ಗೋದಾಮೊಂದಕ್ಕೆ ಬೆಂಕಿ ಬಿದ್ದ ವರದಿಯನ್ನು ಜನರಿಗೆ ತುಣುಕು ತುಣುಕಾಗಿ ಓದಲು ಕೊಟ್ಟರು. ಒಳಗಿನ ಸಣ್ಣ ಕೋಣೆಯಲ್ಲಿ ಎಣ್ಣೆ ಬಣ್ಣದ ಡಬ್ಬಿಗಳೂ ಗ್ಯಾಸ್ ಸಿಲಿಂಡರ್‌ಗಳೂ ಇದ್ದವು ಎಂದಿತು ಒಂದು ತುಣುಕು. ಆಮೇಲೆ ತಿದ್ದುಪಡಿ ಬಂತು: ಆ ಕೋಣೆ ಖಾಲಿಯಾಗಿತ್ತು. ಓದಿದವರಿಗೆ ತಿದ್ದುಪಡಿ ನೆನಪಿತ್ತು. ಆದರೂ ಬೆಂಕಿಯ ಬಗ್ಗೆ ಪ್ರಶ್ನೆ ಕೇಳಿದಾಗ ಅನೇಕರು ಮತ್ತೆ ಬಣ್ಣದ ಡಬ್ಬಿಗಳನ್ನೇ ನೆಚ್ಚಿಕೊಂಡರು. ಖಾಲಿ ಕೋಣೆಯಿಂದ ಬೆಂಕಿ ಹುಟ್ಟುವುದಿಲ್ಲವಲ್ಲ! ಯಾರೋ ಬೇಕೆಂದೇ ಬೆಂಕಿ ಹಚ್ಚಿದರು ಎಂಬ ಸುಳಿವು ಕೊಟ್ಟಾಗ ಮಾತ್ರ ಡಬ್ಬಿಗಳ ಹಿಡಿತ ಸಡಿಲವಾಯಿತು.

‘ಆರೋಪ ನಿರಾಧಾರ’ ಎಂಬ ಶೀರ್ಷಿಕೆ ಮಾಡುವುದೂ ಕೋಣೆ ಖಾಲಿ ಮಾಡುವ ಕೆಲಸವನ್ನೇ. ಪಿತೂರಿಯ ಕಥೆಯಲ್ಲಿ ಖಳನಾಯಕನಿದ್ದಾನೆ, ಉದ್ದೇಶವಿದೆ. ನಿರಾಕರಣೆಯಲ್ಲಿ ಏನೂ ಇಲ್ಲ. ಹಾಗೆಂದು ಪಿತೂರಿ ಎಂದವರನ್ನೆಲ್ಲ ಗೇಲಿ ಮಾಡಿಯೂ ಪ್ರಯೋಜನವಿಲ್ಲ. ನಿಜವಾದ ಪಿತೂರಿಗಳೂ ಇವೆ. 1972ರ ವಾಟರ್‌ಗೇಟ್ ಪ್ರಕರಣದಲ್ಲಿ ವರದಿಗಾರರು 25,000 ಡಾಲರ್‌ಗಳ ಚೆಕ್ಕೊಂದರ ಜಾಡು ಹಿಡಿದು, ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಚುನಾವಣಾ ನಿಧಿಯ ಹಣ, ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದವನೊಬ್ಬನ ಬ್ಯಾಂಕ್ ಖಾತೆಗೆ ಸೇರಿದ್ದನ್ನು ಬಯಲಿಗೆಳೆದರು. ಅಲ್ಲಿ ‘ಎನ್ನಲಾಗಿದೆ’ಯ ಹಂಗಿರಲಿಲ್ಲ.

ಏಡ್ಸ್ ಕಥೆಗೂ ಬದಲಿ ಕಥೆ ಸಿಕ್ಕಿತು, ಅದೂ ಎರಡು. ಪತ್ರದ ಹಿಂದಿದ್ದವರ ಕಥೆ ಒಂದು: ಈ ಪ್ರಚಾರದ ಹಿಂದೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಕೈಯಿತ್ತೆಂದು 1992ರಲ್ಲಿ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಒಪ್ಪಿಕೊಂಡರು. ವೈರಸ್‌ನದು ಇನ್ನೊಂದು. ಪ್ರಯೋಗಾಲಯದಲ್ಲಿ ಅದನ್ನು 1977ರಲ್ಲಿ ತಯಾರಿಸಿದರೆಂದು ಆ ಪ್ರಚಾರ ಸಾರಿತ್ತು. ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿ ಬಂದಿದ್ದ ಅದೇ ವೈರಸ್, 1959ರಲ್ಲಿ ಕಾಂಗೋದಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಯೊಂದರಲ್ಲಿ ಪತ್ತೆಯಾಯಿತು.