ಕವರಿನ ಆಕಾರ ಬಿಡದ ದಾಸವಾಳ

ಹೋದ ಆಷಾಢದಲ್ಲಿ ಬೆಂಗಳೂರಿನ ಹೊಸ ಬಡಾವಣೆಯ ಒಂದು ಮನೆಗೆ ದಾಸವಾಳ ನೋಡಲು ಹೋಗಿದ್ದೆ. 'ನೆಟ್ಟು ವರ್ಷ ಆಯ್ತು, ದಿನಾ ನೀರು ಹಾಕ್ತೀನಿ, ಮೊಳಕಾಲುದ್ದ ಬಿಟ್ಟು ಮೇಲೇಳ್ತಿಲ್ಲ' ಅಂದರು ಮನೆಯಮ್ಮ. ಬುಡ ಹಿಡಿದು ಮೆಲ್ಲಗೆ ಎಳೆದೆ. ಗಿಡ ಸಲೀಸಾಗಿ ಕೈಗೆ ಬಂತು. ಬೇರೆಲ್ಲ ಸಿಂಬಿಯ ಹಾಗೆ ಸುತ್ತಿಕೊಂಡು ಇನ್ನೂ ನರ್ಸರಿ ಕವರಿನ ಆಕಾರದಲ್ಲೇ ಇತ್ತು. ಹೊರಗಿನ ಮಣ್ಣಿಗೆ ಒಂದೆಳೆಯೂ ಇಳಿದಿರಲಿಲ್ಲ.

ಕವರಿನಲ್ಲಿ ತಿಂಗಳುಗಟ್ಟಲೆ ಕೂತ ಬೇರಿಗೆ ಸುತ್ತುವುದೇ ಚಾಳಿ. ಹಾಗೇ ಗುಂಡಿಗೆ ಇಳಿಸಿದರೆ ಅಲ್ಲೂ ಸುತ್ತುತ್ತಲೇ ಇರುತ್ತದೆ. ನಾನು ಮೊದಲು ಕವರ್ ಸಮೇತ ಬಕೆಟ್ ನೀರಿನಲ್ಲಿ ಅದ್ದಿಡುತ್ತೇನೆ, ಗುಳ್ಳೆ ಬರುವುದು ನಿಲ್ಲುವವರೆಗೆ. ಆಮೇಲೆ ಕವರ್ ಸೀಳಿ, ಸುತ್ತಿದ ಬೇರನ್ನು ಬೆರಳಿನಿಂದ ಬಿಡಿಸುತ್ತೇನೆ. ಬಿಡದಿದ್ದರೆ ಬ್ಲೇಡಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಗೀರುತ್ತೇನೆ. ನೋಡುವವರ ಜೀವ ಚುರ್ ಅನ್ನುತ್ತದೆ, ದಾಸವಾಳ ಅದನ್ನೆಲ್ಲ ತಡೆದುಕೊಳ್ಳುತ್ತದೆ. ಕಾಗದದ ಹೂವಿನ ಗಿಡಕ್ಕೆ ಮಾತ್ರ ಹೀಗೆ ಮಾಡಬೇಡಿ, ಅದರ ಬೇರು ಬಲು ನಾಜೂಕು.

ಗುಂಡಿ ಬೇರಿನ ಮುದ್ದೆಯ ಎರಡು ಪಟ್ಟು ಅಗಲ ಇರಲಿ, ಆಳ ಮುದ್ದೆಯಷ್ಟೇ ಸಾಕು. ಹೊಸ ಮನೆಯ ಅಂಗಳ ಅಂದರೆ ಅರ್ಧ ಗಾರೆ, ಇಟ್ಟಿಗೆ ಚೂರು ಅಲ್ವಾ? ಅದನ್ನು ಆರಿಸಿ ತೆಗೆಯಿರಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬೊಗಸೆ ಬೆರೆಸಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ಮೊದಲ ತಿಂಗಳು ಯೂರಿಯಾ ಗೀರಿಯಾ ಬೇಡವೇ ಬೇಡ.

ಜಾಸ್ತಿ ಜನ ಎಡವುವುದು ನೀರಿನಲ್ಲಿ. ನರ್ಸರಿಯ ಮುದ್ದೆಯಲ್ಲಿ ಹೆಚ್ಚಾಗಿ ತೆಂಗಿನ ನಾರಿನ ಪುಡಿ ಇರುತ್ತದೆ, ಅದು ಸುತ್ತಲ ಮಣ್ಣಿಗಿಂತ ಬೇಗ ಒಣಗುತ್ತದೆ. ಪಾತಿಯೆಲ್ಲ ಒದ್ದೆ, ಬೇರು ಮಾತ್ರ ಒಣ! ಅದಕ್ಕೇ ಮೊದಲ ಎರಡು ವಾರ ನೀರನ್ನು ಬುಡದ ಮುದ್ದೆಗೇ, ನಿಧಾನವಾಗಿ ಇಳಿಯುವ ಹಾಗೆ ಹಾಕಿ. ಆಮೇಲೆ ಪಾತಿಯನ್ನು ಹೊರಕ್ಕೆ ಸರಿಸುತ್ತಾ, ದಿನಕ್ಕೊಂದು ಚೊಂಬಿನ ಬದಲು ಮೂರು ನಾಲ್ಕು ದಿನಕ್ಕೊಂದು ಬಿಂದಿಗೆ. ನೀರು ಹೋದಲ್ಲಿಗೆ ಬೇರು ಹೋಗುತ್ತದೆ. ಹಾಕುವ ಮುಂಚೆ ಎರಡು ಇಂಚು ಬೆರಳು ಚುಚ್ಚಿ ನೋಡಿ, ತೇವ ಇದ್ದರೆ ಬೇಡ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಸರಿಹೋದರೆ ಅದು ಬಿಸಿಲಿನ ದಣಿವು ಅಷ್ಟೇ. ಬೆಳಿಗ್ಗೆಯೂ ಜೋತಿದ್ದರೆ ಬುಡ ಕೆದಕಿ ನೋಡಬೇಕು.

ಬುಡದ ಸುತ್ತ ಒಣ ಎಲೆ ಹೊದಿಸಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು.

ಇನ್ನೊಂದು, ಮೊದಲ ತಿಂಗಳು ಬಂದ ಮೊಗ್ಗನ್ನೆಲ್ಲ ಚಿವುಟಿ. ಬೇರೂರುವ ಹೊತ್ತಿನಲ್ಲಿ ಹೂವಿನ ಖರ್ಚು ಗಿಡಕ್ಕೆ ಭಾರ. ಆದರೆ ದೇವರಿಗೆ ಒಂದಾದರೂ ಹೂವು ಬೇಕು ಅಂದರೆ ನಾನು ಸುಮ್ಮನಾಗುತ್ತೇನೆ.

ಆ ದಾಸವಾಳದ ಬೇರು ಗೀರಿ, ತಲೆ ಸ್ವಲ್ಪ ಕತ್ತರಿಸಿ, ಸಂಜೆ ಹೊತ್ತಲ್ಲಿ ಮತ್ತೆ ನೆಟ್ಟು ಬಂದೆ. ನಾಲ್ಕನೇ ವಾರ ಫೋನ್ ಬಂತು. ಚಿಗುರಿದೆಯಂತೆ. 'ಒಂದು ಮೊಗ್ಗೂ ಇದೆ, ಅದನ್ನ ಚಿವುಟಲೇಬೇಕಾ?' ಅಂತ ಕೇಳಿದರು.